ಜೊತೆಮನೆಯ ಗಾಜಿನವರು

ಗಾಳಿ ಬಂದಾಗ ನಿನ್ನನ್ನು ಬಿಟ್ಟು ಹೊಸ್ತಿಲು ದಾಟುವುದಿಲ್ಲ ಎಂದು ಏಳು ವರ್ಷದ ಹಿಂದೆ ಅವಳು ಮಗಳಿಗೆ ಮಾತು ಕೊಟ್ಟಿದ್ದಳು.

ಮಗಳಿಗೆ ಆಗ ಆರು ವರ್ಷ. ಒಂದು ಮಧ್ಯಾಹ್ನ ಬಿರುಗಾಳಿಗೆ ಮಹಡಿಯ ತಗಡು ಏಳತೊಡಗಿತು. ಮಗುವಿನ ಅಪ್ಪ "ಒಂದು ಹಗ್ಗ ಬಿಗಿದು ಈಗ ಬಂದೆ" ಎಂದು ಏಣಿ ಹತ್ತಿದ. ತಗಡು ಹೋಯಿತು, ಅವನೂ ಹೋದ. ಆಮೇಲೆ ತಿಂಗಳುಗಟ್ಟಲೆ ಕಿಟಕಿಯ ಪರದೆ ಅಲುಗಿದರೂ ಸಾಕು, ಆ ಮಗು ಬಂದು ಅಮ್ಮನ ಹೆಬ್ಬೆರಳು ಹಿಡಿದುಕೊಂಡು ಕೂರುತ್ತಿತ್ತು. ಹೆಬ್ಬೆರಳು ಬಿಡಿಸಿಕೊಳ್ಳಲು ಅವಳಿಗೆ ಹೊಳೆದದ್ದು ಆ ಒಂದು ಮಾತು.

ಈಗ ಮಗಳಿಗೆ ಹದಿಮೂರು. ಬೀದಿಯವರೆಲ್ಲ ಗುಬ್ಬಿ ಎನ್ನುತ್ತಾರೆ. ಗಾತ್ರಕ್ಕೆ ಸರಿಯಾದ ಹೆಸರೇ, ಬಾಯಿಗೆ ಮಾತ್ರ ಅಲ್ಲ. ಅಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಟಾರ್ಪಾಲಿನ್ ಹೊಲಿಯುತ್ತಾಳೆ. ಲಾರಿಗೆ, ಸಂತೆಗೆ, ಸೋರುವ ಮಹಡಿಗೆ ಬೇಕಾದ ಅಳತೆಗೆ ಕತ್ತರಿಸಿ, ಅಂಚು ಮಡಿಸಿ, ಹಗ್ಗ ಪೋಣಿಸಲು ಹಿತ್ತಾಳೆಯ ಕಣ್ಣು ಬಡಿದು ಕೊಡುತ್ತಾಳೆ. ಬೀದಿಗೆಲ್ಲ ಅವಳು ಟಾರ್ಪಾಲಕ್ಕ.

ಆ ಬೀದಿಗೆ ಒಂದು ಪದ್ಧತಿಯಿತ್ತು. ಏಳು ವರ್ಷದ ಹಿಂದಿನ ಆ ಗಾಳಿಯ ನಂತರ ಬೀದಿಯ ಕೊನೆಯ ಮನೆಯ ಹೆಡ್ ಮೇಡಂ ಮಾಡಿದ್ದು. ಶಾಲೆಯಿಂದ ನಿವೃತ್ತರಾದರೂ ಬೀದಿಯನ್ನೇ ಒಂದು ಕ್ಲಾಸಾಗಿ ನೋಡುವ ಹೆಂಗಸು. ಪ್ರತಿ ಮನೆಗೂ ಒಂದು ಜೊತೆಮನೆ. ಗಾಳಿಯ ಮುನ್ಸೂಚನೆ ಬಂದ ಕೂಡಲೇ ಜೊತೆಮನೆಯಲ್ಲಿ ಏನು ಸಡಿಲವಾಗಿದೆ, ಏನು ಕಟ್ಟಿಲ್ಲ ಎಂದು ನೋಡಬೇಕು. ಗಾಳಿ ಶುರುವಾಗುವ ಮುಂಚೆ ಫೋನ್ ಮಾಡಿ "ಒಳಗಿದ್ದೀವಿ" ಎನ್ನಬೇಕು. ಗಾಳಿ ನಿಂತ ಮೇಲೆ ಮೊದಲು ತಟ್ಟುವ ಬಾಗಿಲು ಜೊತೆಮನೆಯದೇ ಆಗಿರಬೇಕು.

ಈ ವರ್ಷದ ಪಟ್ಟಿಯಲ್ಲಿ ಟಾರ್ಪಾಲಕ್ಕನಿಗೆ ಎದುರುಮನೆ ಬಂದಿತ್ತು. ಅಲ್ಲಿ ಗಾಜಿನ ಕೆಲಸದವನೊಬ್ಬನೇ ಇದ್ದ. ಬಾಡಿಗೆಗೆ ಬಂದು ಒಂದೂವರೆ ವರ್ಷ. ಬೆಳಗ್ಗೆ ಹೋದರೆ ಸಂಜೆ ಬರುವ ಮನುಷ್ಯ. ಅವನ ಬೆನ್ನು ಎಷ್ಟೋ ಸಲ ನೋಡಿದ್ದಳು, ಮುಖ ಸರಿಯಾಗಿ ನೋಡಿರಲಿಲ್ಲ.

ಗಾಳಿಗಾಲದ ಮೊದಲ ಮುನ್ಸೂಚನೆ ಬಂದಾಗ ಅವನು ಬೇರೆ ಊರಿನಲ್ಲಿ ಯಾವುದೋ ದೊಡ್ಡ ಕಟ್ಟಡದ ಕೆಲಸದಲ್ಲಿದ್ದ. ಜೊತೆಮನೆಯ ಕರ್ತವ್ಯವೆಂದರೆ ಕರ್ತವ್ಯ. ಅವಳು ಏಣಿ ಹಾಕಿ, ಅವನ ಮನೆಯ ಹದಿನೇಳು ಗಾಜಿಗೂ ಹೊರಗಿನಿಂದ ಅಗಲವಾದ ಕಂದು ಟೇಪನ್ನು ಅಡ್ಡಡ್ಡ ಹಚ್ಚಿ ಬಂದಳು. ಆ ಗಾಳಿ ದಿಕ್ಕು ಬದಲಿಸಿ ಬೇರೆಲ್ಲೋ ಹೋಯಿತು. ಬಂದದ್ದು ಎದುರುಮನೆಯವನು.

"ನಮ್ಮನೆ ಕಿಟಕಿಗಳಿಗೆ ಬ್ಯಾಂಡೇಜ್ ಹಾಕಿದ್ದು ನೀವೇನಾ?"

ಅವಳು ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಿದಳು. "ಹೌದು. ಥ್ಯಾಂಕ್ಸ್ ಹೇಳೋಕೆ ಬಂದ್ರಾ?"

"ಬ್ಲೇಡ್ ಇದ್ರೆ ಕೇಳೋಣ ಅಂತ ಬಂದೆ. ನನ್ನತ್ರ ಇದ್ದ ಮೂರೂ ಮೊಂಡಾದವು. ಹನ್ನೊಂದು ಗಾಜು ಕೆರೆದಿದ್ದೀನಿ. ಇನ್ನೂ ಆರು ಬಾಕಿ."

"ಒಳ್ಳೇದು ಮಾಡೋಕೆ ಹೋದ್ರೆ ಹೀಗೇ ನೋಡಿ."

"ಟೇಪ್ ಹಚ್ಚಿದ್ರೆ ಗಾಜು ಒಡೆಯಲ್ಲ ಅಂತ ನಿಮಗೆ ಯಾರು ಹೇಳಿದ್ದು?"

"ಎಲ್ಲರೂ ಹಚ್ತಾರಲ್ಲ!"

"ಎಲ್ಲರಿಗೂ ಗೊತ್ತು, ಗಾಜಿಗೆ ಗೊತ್ತಿಲ್ಲ." ಅವನು ನಗದೆ ಹೇಳಿದ. ನಗು ಕಣ್ಣಿನ ಬದಿಯಲ್ಲಿ ಮಾತ್ರ ಇತ್ತು. "ಬರೀ ಗಾಜಾದ್ರೆ ಪುಡಿಪುಡಿ ಆಗುತ್ತೆ. ಟೇಪ್ ಹಚ್ಚಿದ್ರೆ ಕುಡುಗೋಲಿನಷ್ಟು ದೊಡ್ಡ ಚೂರು ಹಾರಿ ಬರುತ್ತೆ. ತಡೀಬೇಕು ಅಂದ್ರೆ ಹೊರಗಡೆ ಪ್ಲೈವುಡ್ ಹಲಗೆ ಬೇಕು, ಚೌಕಟ್ಟಿಗೆ ಸ್ಕ್ರೂ ಹಾಕಿ."

ಒಳಗಿನಿಂದ ಗುಬ್ಬಿ ಕೂಗಿದಳು. "ಅಮ್ಮಾ, ಗಾಜಿನವರ ಮನೆ ಗಾಜಿಗೇ ಟೇಪ್ ಹಚ್ಚಿದ್ಯಾ? ನಾಳೆ ಡಾಕ್ಟರಿಗೆ ಮಾತ್ರೆ ಬರ್ಕೊಡು!"

ಟಾರ್ಪಾಲಕ್ಕನ ಕಿವಿ ಬಿಸಿಯಾಯಿತು. ಆದರೆ ಸೋತು ಕೂರುವ ಪೈಕಿ ಅವಳಲ್ಲ.

"ನಿಮ್ಮ ಟೆರೇಸ್ ಮೇಲೆ ನೀರಿನ ಟ್ಯಾಂಕಿಗೆ ಟಾರ್ಪಾಲಿನ್ ಹೊದಿಸಿದ್ದೀರಲ್ಲ, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಯಾರು ಹೇಳಿಕೊಟ್ಟಿದ್ದು?"

"ಯಾಕೆ?"

"ಅದು ಟಾರ್ಪಾಲಿನ್ ಅಲ್ಲ, ಹಾಯಿ. ಗಾಳಿ ಒಳಗೆ ನುಗ್ಗಿದ್ರೆ ಮೊದಲು ಹಾರೋದು ಕಲ್ಲು. ಬೀದೀಲಿ ಯಾರ ತಲೆ ಸಿಗುತ್ತೋ ಅವರಿಗೆ. ಪ್ರತಿ ಕಣ್ಣಿಗೂ ಹಗ್ಗ ಹಾಕಿ ಅಡಿಯಿಂದ ಬಿಗೀಬೇಕು. ಇಲ್ಲಾಂದ್ರೆ ತೆಗೆದು ಒಳಗಿಡಬೇಕು."

ಅವನು ತಿರುಗಿ ತನ್ನ ಟೆರೇಸಿನತ್ತ ನೋಡಿದ. ಆಮೇಲೆ ಬಾಗಿಲಿಗೆ ಭುಜ ಒರಗಿಸಿ, ಈ ಸಲ ನಿಜವಾಗಿಯೂ ನಕ್ಕ. ಅವನ ಬೆರಳುಗಳ ತುಂಬ ಗಾಜು ಕೊಯ್ದ ಹಳೆಯ ಗೆರೆಗಳಿದ್ದುದನ್ನು ಅವಳು ಅದೇ ಮೊದಲು ನೋಡಿದ್ದು. ಯಾಕೆ ನೋಡಿದೆ ಎಂದು ತನಗೆ ತಾನೇ ಬೈದುಕೊಂಡಳು.

"ಹಾಗಾದ್ರೆ ಹೀಗೆ ಮಾಡೋಣ," ಎಂದ. "ನಿಮ್ಮ ಕಿಟಕಿ ನಾನು ನೋಡ್ತೀನಿ. ನನ್ನ ಟೆರೇಸ್ ನೀವು ನೋಡಿ."

"ಬ್ಲೇಡ್ ಬೇಡ್ವಾ?"

"ಕೊಡಿ. ಆರು ಗಾಜು ಬಾಕಿ ಇದೆ ಅಂದ್ನಲ್ಲ."

ಅಲ್ಲಿಂದ ಶುರುವಾಯಿತು.

ಭಾನುವಾರಗಳಲ್ಲಿ ಅವನು ಅಳತೆಪಟ್ಟಿ ಹಿಡಿದು ಬರುತ್ತಿದ್ದ. ಪ್ರತಿ ಕಿಟಕಿಗೂ ಒಂದೊಂದು ಹಲಗೆ, ಪ್ರತಿ ಹಲಗೆಯ ಹಿಂದೆ ಸೀಸದಕಡ್ಡಿಯಲ್ಲಿ ಬರೆದ ನಂಬರು. ಗಾಳಿ ಬರುವ ದಿನ ಯಾವ ಹಲಗೆ ಯಾವ ಕಿಟಕಿಗೆ ಎಂದು ಹುಡುಕುತ್ತ ಕೂರಬಾರದಲ್ಲ. ಅರ್ಧ ಗಂಟೆಯ ಕೆಲಸಕ್ಕೆ ಅವನು ಅರ್ಧ ದಿನ ತೆಗೆದುಕೊಳ್ಳುತ್ತಿದ್ದ.

ಒಂದು ದಿನ ಅಡುಗೆಮನೆಯ ಬಿರುಕುಬಿಟ್ಟ ಗಾಜು ಬದಲಿಸುತ್ತಿದ್ದ. ಅವಳು ಅವನ ಹಿಂದೆ ಪಾತ್ರೆ ಒರೆಸುತ್ತಿದ್ದಳು. ಹೊಸ ಗಾಜನ್ನು ಚೌಕಟ್ಟಿಗೆ ಕೂರಿಸಿ ಅವನು ಅಂಗೈಯಿಂದ ಒತ್ತಿ ಹಿಡಿದಿದ್ದ. ಎಷ್ಟು ಹೊತ್ತಾದರೂ ಕೈ ತೆಗೆಯಲಿಲ್ಲ.

"ಏನು, ಅಂಟಿಕೊಂಡ್ರಾ?" ಎಂದಳು.

"ಹೊಸ ಗಾಜು. ಚೆನ್ನಾಗಿ ಪ್ರತಿಬಿಂಬ ಬೀಳುತ್ತೆ."

"ನಿಮ್ಮ ಮುಖ ನೀವೇ ನೋಡ್ಕೋತಿದ್ದೀರಾ?"

"ನನ್ನ ಮುಖ ನನಗೆ ಗೊತ್ತು," ಎಂದು ಅವನು ಗಾಜಿನ ಅಂಚಿಗೆ ಪುಟ್ಟಿ ಮೆತ್ತತೊಡಗಿದ. ಅವಳು ಒರೆಸಿದ್ದ ತಟ್ಟೆಯನ್ನೇ ಮೂರನೆಯ ಸಲ ಒರೆಸಿದಳು.

ಮದುವೆ ಯಾಕಾಗಿಲ್ಲ ಎಂದು ಗುಬ್ಬಿ ನೇರವಾಗಿ ಕೇಳಿಯೇಬಿಟ್ಟಿದ್ದಳು. "ಅಳತೆ ಸರಿ ಬರಲಿಲ್ಲ ಕಣಮ್ಮ," ಎಂದಿದ್ದ. "ಗಾಜು ಒಂದು ಸಲ ತಪ್ಪಾಗಿ ಕತ್ತರಿಸಿದ್ರೆ ಮುಗೀತು. ಅದಕ್ಕೇ ಅಳೀತಾನೇ ಇದ್ದೆ, ನಲವತ್ತಾಗೋಯ್ತು."

"ಅಂಕಲ್, ನಮ್ಮಮ್ಮನೂ ಹಾಗೇ. ಬಟ್ಟೆ ಕತ್ತರಿಸೋ ಮುಂಚೆ ನಾಲ್ಕು ಸಲ ಅಳೀತಾಳೆ."

"ಗುಬ್ಬೀ, ಒಳಗೆ ಹೋಗು."

"ನಾನು ಒಳಗೇ ಇದ್ದೀನಲ್ಲ!"

ಎರಡನೆಯ ಮುನ್ಸೂಚನೆ ಬಂತು. ಈ ಸಲ ಗಾಳಿ ನೇರ ಇತ್ತ ಬರುತ್ತಿದೆ, ಮೂರು ದಿನದೊಳಗೆ ಎಂದು ರೇಡಿಯೊ ಹೇಳಿತು. ಅಂದು ಸಂಜೆ ಅವಳು ಅವನ ಟೆರೇಸಿನಲ್ಲಿ ಟಾರ್ಪಾಲಿನ್ ಬಿಚ್ಚಿ ಮಡಿಸುತ್ತಿದ್ದಳು. ಅವನು ಇನ್ನೊಂದು ತುದಿ ಹಿಡಿದಿದ್ದ. ಮಡಿಕೆ ಚಿಕ್ಕದಾದಂತೆ ಇಬ್ಬರೂ ಹತ್ತಿರ ಬಂದರು. ಕೊನೆಯ ಮಡಿಕೆಯಲ್ಲಿ ಅವನ ಬೆರಳು ಅವಳ ಬೆರಳಿನ ಮೇಲೆ ಬಂತು. ಅವನು ತೆಗೆಯಲಿಲ್ಲ. ಅವಳೂ.

"ಒಂದು ಮಾತು ಕೇಳಲಾ?"

ಅವಳಿಗೆ ಗೊತ್ತಿತ್ತು. ಎದೆ ಹೊಡೆದುಕೊಳ್ಳುವ ಸದ್ದು ಟಾರ್ಪಾಲಿನ್ನಿಗೂ ಕೇಳಿಸಿರಬೇಕು.

"ನಿಮ್ಮನ್ನ ಮದುವೆ ಆಗಬೇಕು ಅಂತಿದ್ದೀನಿ. ಗುಬ್ಬಿಗೆ ಇಷ್ಟ ಇದ್ರೆ. ನಿಮಗೆ ಇಷ್ಟ ಇದ್ರೆ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಒಂದು ಗಳಿಗೆ ಕಣ್ಣು ತುಂಬಿತು, ಒರೆಸಿಕೊಂಡಳು.

"ಹೋದ ವರ್ಷದ ಗಾಳೀಲಿ ಬೇಕರಿಯ ಬೋರ್ಡ್ ಕಿತ್ತು ಹಾರಿದಾಗ ಅದನ್ನ ಹಿಡಿಯೋಕೆ ಬೀದಿಗೆ ಓಡಿದ್ದು ನೀವೇ ಅಲ್ವಾ?"

"ಹೌದು." ಅವನ ದನಿಯಲ್ಲಿ ಒಂದು ಚೂರು ಹೆಮ್ಮೆಯೂ ಇತ್ತು. "ಹಿಡಿದೆ ಕೂಡ."

"ಇಡೀ ಬೀದಿ ಚಪ್ಪಾಳೆ ಹೊಡೀತು. ನಾನು ಕಿಟಕಿಯಿಂದ ನೋಡಿದೆ. ನೋಡೋಕಾಗದೆ ಪರದೆ ಎಳೆದುಬಿಟ್ಟೆ." ಅವಳು ಟಾರ್ಪಾಲಿನ್ನಿನ ಗಂಟನ್ನು ಎತ್ತಿ ಅವನ ತೋಳಿಗೆ ಕೊಟ್ಟಳು. "ಗಾಳಿ ಬಂದ್ರೆ ಹೊರಗೆ ಓಡೋ ಗಂಡಸು ನನಗೆ ಬೇಡ. ಇನ್ನೊಬ್ಬರನ್ನ ಕಳಿಸಿಕೊಡೋ ಶಕ್ತಿ ನನಗಿಲ್ಲ. ನನ್ನ ಮಗಳಿಗಂತೂ ಇಲ್ಲವೇ ಇಲ್ಲ."

"ಇನ್ಮೇಲೆ ಹೋಗಲ್ಲ ಅಂದ್ರೆ?"

"ಬಾಯಲ್ಲಿ ಹೇಳೋದು ಸುಲಭ ಕಣ್ರೀ. ಗಾಳಿ ಬಂದಾಗ ಕಾಲು ಬಾಯಿಯ ಮಾತು ಕೇಳಲ್ಲ."

ಅವಳು ಮೆಟ್ಟಿಲಿಳಿದು ಬಂದಳು. ಬೀದಿ ದಾಟುವಾಗ ಹಿಂತಿರುಗಿ ನೋಡಬಾರದೆಂದುಕೊಂಡಳು. ನೋಡಿದಳು. ಅವನು ಗಂಟನ್ನು ಎತ್ತಿಕೊಂಡು ಹಾಗೇ ನಿಂತಿದ್ದ, ಮಗು ಎತ್ತಿಕೊಂಡವನ ಹಾಗೆ.

ಗಾಳಿಯ ದಿನ.

ಸಂಜೆ ಆರಕ್ಕೆ ಎಂದಿತ್ತು ರೇಡಿಯೊ. ಬೆಳಗ್ಗೆಯಿಂದ ಅಮ್ಮ ಮಗಳು ಕೂತಿರಲಿಲ್ಲ. ಹೂಕುಂಡ, ಪೊರಕೆ, ಬಟ್ಟೆ ಒಣಹಾಕುವ ಕಂಬಿ, ಡಬ್ಬದ ಮುಚ್ಚಳ, ಗಾಳಿಗೆ ಸಿಕ್ಕರೆ ಹಾರಬಹುದಾದದ್ದೆಲ್ಲ ಒಳಗೆ ಬಂತು. ಬಕೆಟ್ಟು, ಕೊಡ, ಕೊನೆಗೆ ಗುಬ್ಬಿಯ ಚಿಕ್ಕಂದಿನ ಸ್ನಾನದ ತೊಟ್ಟಿಗೂ ನೀರು ತುಂಬಿಸಿದರು. ಫೋನು ಚಾರ್ಜು, ಟಾರ್ಚು, ಮಾತ್ರೆ, ಎರಡು ದಿನದ ತಿಂಡಿ, ಕಾಗದಪತ್ರಗಳಿಗೆ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ. ಗ್ಯಾಸ್ ಬಂದ್. ಹಲಗೆಗಳನ್ನು ಅವನು ಬೆಳಗ್ಗೆಯೇ ಬಂದು ನಂಬರಿನ ಪ್ರಕಾರ ಕೂರಿಸಿ ಹೋಗಿದ್ದ. ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿರಲಿಲ್ಲ. ಹೋಗುವಾಗ ಮಾತ್ರ, "ಹೆಡ್ ಮೇಡಂ ಮನೆ ಒಂದು ಬಾಕಿ ಇದೆ. ಅವರು ಎಲ್ಲರಿಗೂ ಪಾಠ ಹೇಳಿ ತಮ್ಮನೆ ಕಿಟಕಿ ಮರೆತಿದ್ದಾರೆ," ಎಂದಿದ್ದ.

ಮೂರು ಗಂಟೆಗೆ ಬೆಳಕು ಹಳದಿಯಾಯಿತು. ಬೀದಿಯ ನಾಯಿಗಳು ಎಲ್ಲೋ ಸೇರಿಕೊಂಡವು. ಆರಕ್ಕೆ ಬರಬೇಕಾದ ಗಾಳಿ ಮೂರು ಗಂಟೆ ಮುಂಚೆಯೇ ಬಾಗಿಲು ಗುದ್ದಿತು.

ಅವಳು ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಅಷ್ಟರಲ್ಲಿ ಸಿಗ್ನಲ್ಲೇ ಸತ್ತಿತು. ಹಲಗೆಯ ಸಂದಿನಿಂದ ಬಗ್ಗಿ ನೋಡಿದಳು. ಎದುರುಮನೆಯ ಬಾಗಿಲಿಗೆ ಬೀಗ ಹಾಗೇ ಇತ್ತು.

"ಅಂಕಲ್ ಬಂದಿಲ್ವಾ?" ಗುಬ್ಬಿ ಕೇಳಿದಳು.

"ಇಲ್ಲ. ನಡಿ, ಒಳಗೆ."

ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಚಿಕ್ಕ ಕೋಣೆ. ಟಾರ್ಪಾಲಿನ್ ಸುರುಳಿಗಳ ನಡುವೆ ಇಬ್ಬರೂ ಕೂತರು. ಮೇನ್ ಸ್ವಿಚ್ ಆರಿಸಿದ್ದರು. ಗೋಡೆಯ ಆಚೆ ಗಾಳಿ ರೈಲಿನ ಹಾಗೆ ಹೋಗುತ್ತಿತ್ತು, ಹೋಗಿ ಮುಗಿಯದ ರೈಲು. ಎಲ್ಲೋ ಗಾಜು ಒಡೆಯಿತು. ಯಾವುದೋ ಕಬ್ಬಿಣದ ತುಂಡು ಬೀದಿಯುದ್ದಕ್ಕೂ ಉಜ್ಜಿಕೊಂಡು ಹೋಯಿತು. ಪ್ರತಿ ಸದ್ದಿಗೂ ಅವಳು ಒಂದೊಂದು ಲೆಕ್ಕ ಹಾಕಿದಳು. ಮೇಡಂ ಮನೆಯಿಂದ ಅವನು ಹೊರಟಿದ್ದರೆ ಈಗ ಬೇಕರಿಯ ಹತ್ತಿರ. ಏಣಿ ಹೆಗಲ ಮೇಲಿದ್ದರೆ? ಯಾರದ್ದಾದರೂ ಬೋರ್ಡು ಹಾರಿದ್ದು ಕಂಡಿದ್ದರೆ?

ಐದು ಗಂಟೆಗೆ ಎಲ್ಲ ನಿಂತಿತು.

ಸದ್ದೇ ಇಲ್ಲ. ಬಾಗಿಲ ಅಡಿಯಿಂದ ಬಿಸಿಲಿನ ಒಂದು ಗೆರೆ ಒಳಗೆ ಬಂತು. ಇದು ಗಾಳಿಯ ನಡುವಿನ ಬಿಡುವು, ಮುಕ್ತಾಯವಲ್ಲ. ಗಾಳಿ ತಿರುಗಿ ಆಚೆ ದಿಕ್ಕಿನಿಂದ ಬರುತ್ತದೆ, ಬಂದರೆ ಮೊದಲಿನದಕ್ಕಿಂತ ಜೋರು. ಇದನ್ನು ಹೆಡ್ ಮೇಡಂ ವರ್ಷ ವರ್ಷ ಹೇಳಿ ಬೀದಿಯ ಮಕ್ಕಳಿಗೂ ಬಾಯಿಪಾಠವಾಗಿತ್ತು. ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳ ಕೈ ಮುಂಬಾಗಿಲ ಚಿಲಕದ ಮೇಲಿತ್ತು.

ಮೇಡಂ ಮನೆಗೆ ನೂರಿಪ್ಪತ್ತು ಹೆಜ್ಜೆ. ಓಡಿದರೆ ಒಂದು ನಿಮಿಷ. ನೋಡಿ ಬರಲು ಇನ್ನೊಂದು. ಸಾಕು.

"ಅಮ್ಮಾ."

ಗುಬ್ಬಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಹೆಬ್ಬೆರಳಿಗೆ ಕೈ ಚಾಚಲಿಲ್ಲ. ಎರಡು ಕೈಯನ್ನೂ ಕಂಕುಳಲ್ಲಿ ಅದುಮಿಟ್ಟುಕೊಂಡಿದ್ದಳು.

"ನಾನೇನೂ ಆರು ವರ್ಷದವಳಲ್ಲ. ನನಗೋಸ್ಕರ ನಿಲ್ಲಬೇಡ. ಹೋಗ್ಬೇಕು ಅನ್ಸಿದ್ರೆ ಹೋಗು."

ದನಿ ಗಟ್ಟಿಯಾಗಿತ್ತು, ಕೈ ಮಾತ್ರ ಕಂಕುಳಿನಿಂದ ಹೊರಗೆ ಬರಲಿಲ್ಲ.

"ಈಗ ಬಂ..." ಎಂದಳು ಅವಳು. ಮಾತು ಅಲ್ಲೇ ನಿಂತಿತು.

ಈಗ ಬಂದೆ. ಏಣಿಯ ಮೊದಲ ಮೆಟ್ಟಿಲಲ್ಲಿ ನಿಂತು ಗುಬ್ಬಿಯ ಅಪ್ಪ ಹೇಳಿದ್ದೂ ಇದನ್ನೇ. ಏಳು ವರ್ಷ ಅವಳು ಅವನ ಮೇಲೆ ಸಿಟ್ಟು ಮಾಡಿಕೊಂಡಿದ್ದಳು. ನಮ್ಮಿಬ್ಬರಿಗಿಂತ ತಗಡು ಹೆಚ್ಚಾಯಿತಾ ಎಂದು ಒಬ್ಬಳೇ ಎಷ್ಟೋ ಸಲ ಕೇಳಿದ್ದಳು. ಈಗ, ಚಿಲಕ ಹಿಡಿದ ಕೈಯಲ್ಲಿ, ಅವಳಿಗೆ ಗೊತ್ತಾಯಿತು. ಅವನು ಹೋದದ್ದು ಪ್ರೀತಿ ಕಡಿಮೆಯಾಗಿ ಅಲ್ಲ. ಹೀಗೇ, ತನ್ನವರ ಸೂರು ಉಳಿಸಲೆಂದು ಎದೆ ಕಿತ್ತು ಬಂದವನಂತೆ ಓಡಿದ್ದ. ಒಂದೇ ಒಂದು ನಿಮಿಷ ಸಾಕೆಂದು ನಂಬಿದ್ದ.

ಅವನ ಮೇಲಿನ ಸಿಟ್ಟು ಎಲ್ಲಿತ್ತೋ ಅಲ್ಲಿಂದ ಇಳಿದು ಹೋಯಿತು.

ಅವಳು ಮೇಲಿನ ಚಿಲಕವನ್ನೂ ಹಾಕಿದಳು. ಬಂದು ಮಗಳ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಗುಬ್ಬಿ ಅವಳ ತಲೆಯನ್ನು ತನ್ನ ಪುಟ್ಟ ಭುಜಕ್ಕೆ ಒರಗಿಸಿಕೊಂಡಳು.

ಹತ್ತು ನಿಮಿಷವೂ ಆಗಿರಲಿಲ್ಲ, ಗಾಳಿ ಆಚೆ ದಿಕ್ಕಿನಿಂದ ಬಂತು. ಯಾವುದೋ ಭಾರವಾದದ್ದು ಅವರ ಬಾಗಿಲ ಮುಂದೆಯೇ ಬಿದ್ದು ನೆಲ ನಡುಗಿತು.

ಏಳಕ್ಕೆ ರೇಡಿಯೊ ಹೊರಗೆ ಬರಬಹುದೆಂದಿತು. ಅವಳು ಬಾಗಿಲು ತೆರೆದಳು. ಮೆಟ್ಟಿಲ ಮುಂದೆ ಯಾರ ಮನೆಯದ್ದೋ ನೀರಿನ ಟ್ಯಾಂಕು ಎರಡು ಹೋಳಾಗಿ ಬಿದ್ದಿತ್ತು. ಅದನ್ನು ಸುತ್ತುಹಾಕಿ ಮಗಳ ಕೈ ಹಿಡಿದು ಬೀದಿಗಿಳಿದಳು. ಸಂಜೆಯ ಬೆಳಕು ಇನ್ನೂ ಇತ್ತು. ಬೀದಿಯ ಕೊನೆಯಿಂದ ಅವನು ಬರುತ್ತಿದ್ದ. ನಡೆದು ಅಲ್ಲ, ಹೆಚ್ಚುಕಡಿಮೆ ಓಡಿ.

"ಅಲ್ಲೇ ನಿಲ್ಲಿ!" ಅವಳು ಕಿರುಚಿದಳು. "ತಂತಿ!"

ಇಬ್ಬರ ನಡುವೆ ಕಂಬ ವಾಲಿ ವಿದ್ಯುತ್ ತಂತಿ ಬೀದಿಗೆ ಅಡ್ಡ ಬಿದ್ದಿತ್ತು. ಅವನು ನಿಂತ. ನಾಲ್ಕು ಹೆಜ್ಜೆ ಹಿಂದಕ್ಕೂ ಹೋದ. ಲೈನ್‌ಮನ್ ಬರುವ ತನಕ ಯಾರೂ ದಾಟುವಂತಿಲ್ಲ. ಒಂದೊಂದೇ ಬಾಗಿಲು ತೆರೆದು ಬೀದಿಯವರೆಲ್ಲ ಹೊರಗೆ ಬರುತ್ತಿದ್ದರು.

"ಎಲ್ಲಿ ಹೋಗಿದ್ರಿ?" ಅವಳು ಕೂಗಿದಳು.

"ಬಚ್ಚಲುಮನೇಲಿದ್ದೆ!"

"ಇಷ್ಟೊತ್ತೂ?"

"ಮೇಡಂ ಬಕೆಟ್ ಮೇಲೆ, ನಾನು ಬಾಗಿಲಿಗೆ ಒರಗಿ! ಫೋನು ಹೊರಗೆ ನನ್ನ ಸ್ಕೂಟರಿನಲ್ಲೇ ಉಳೀತು!"

ಹಿಂದಿನಿಂದ ಹೆಡ್ ಮೇಡಂ ಕೋಲೂರಿಕೊಂಡು ಬಂದರು. "ಗಾಳಿ ನಿಂತಾಗ ಎರಡು ಸಲ ಎದ್ದ ಕಣಮ್ಮ. ನಾನೇನೂ ಹಿಡಿಯಲಿಲ್ಲ. ತಾನೇ ಕೂತ. ಎದ್ದಿದ್ದು ಯಾಕೆ, ಕೂತಿದ್ದು ಯಾಕೆ ಅಂದ್ರೆ ಬಾಯಿ ಬಿಡಲಿಲ್ಲ."

"ಯಾಕೆ ಕೂತ್ರಿ?" ಅವಳು ಕೇಳಿದಳು. ಈ ಸಲ ಕೂಗಲಿಲ್ಲ. ಆದರೂ ಅವನಿಗೆ ಕೇಳಿಸಿತು.

ಅವನು ಮುಖದ ಧೂಳು ಒರೆಸಿಕೊಂಡ. "ನಾನು ಬಂದು ತಟ್ಟಿದ್ರೆ ನೀವು ಬಾಗಿಲು ತೆಗೀಬೇಕಾಗ್ತಿತ್ತು. ಗಾಳಿ ಮಧ್ಯೆ ನಿಮ್ಮ ಬಾಗಿಲು ತೆಗೆಸೋಕೆ ಮನಸ್ಸಾಗಲಿಲ್ಲ."

ಅವಳು ತಂತಿಯ ಆಚೆ ನಿಂತಿದ್ದ ಆ ಮನುಷ್ಯನ ಹರಿದ ಅಂಗಿಯ ತೋಳು, ಕೆದರಿದ ಕೂದಲು, ಗೋಡೆಯ ಸುಣ್ಣ ಅಂಟಿದ ಭುಜ, ಎಲ್ಲ ಒಂದೊಂದಾಗಿ ನೋಡಿಕೊಂಡಳು. ಇಡಿಯಾಗಿದ್ದ.

"ಮೊನ್ನೆ ಏನೋ ಕೇಳಿದ್ರಲ್ಲ," ಎಂದಳು.

"ನೀವು ಉತ್ತರ ಕೊಟ್ಟಾಯ್ತಲ್ಲ."

"ಇನ್ನೊಂದು ಸಲ ಕೇಳಿ."

"ಇಲ್ಲಿಂದಾ? ಇಡೀ ಬೀದಿ ನೋಡ್ತಿದೆ ಕಣ್ರೀ!"

"ಅಂಕಲ್," ಗುಬ್ಬಿ ಸೊಂಟದ ಮೇಲೆ ಕೈಯಿಟ್ಟಳು, "ಲೈನ್‌ಮನ್ ಬರೋದು ಯಾವಾಗಲೋ ಗೊತ್ತಿಲ್ಲ. ಅಮ್ಮ ಮತ್ತೆ ನಾಲ್ಕು ಸಲ ಅಳೆಯೋಕೆ ಶುರು ಮಾಡೋ ಮುಂಚೆ ಕೇಳಿಬಿಡಿ."

ಯಾರೋ ನಕ್ಕರು. ಅವನು ಗಂಟಲು ಸರಿಮಾಡಿಕೊಂಡ. ಹದಿನೈದು ಅಡಿ ದೂರದಿಂದ, ವಾಲಿದ ಕಂಬ, ಮುರಿದ ಕೊಂಬೆ, ಬಾಯಿ ತೆರೆದು ನಿಂತ ಬೀದಿಯವರ ನಡುವೆ ಅವನು ಕೇಳಿದ.

"ನನ್ನ ಮದುವೆ ಆಗ್ತೀರಾ?"

"ಹೂಂ," ಎಂದಳು.

"ಕೇಳಿಸಲಿಲ್ಲ!"

"ಹೂಂ ಅಂದೆ ಕಣ್ರೀ!"

ಕತ್ತಲಾಗುವ ಹೊತ್ತಿಗೆ ಲೈನ್‌ಮನ್ನರು ಬಂದು ತಂತಿ ಎತ್ತಿದರು. ಅವನು ದಾಟಿ ಬಂದ. ಅವಳು ಅವನ ಗೆರೆಗೆರೆಯ ಬೆರಳುಗಳನ್ನು ಎರಡು ಕೈಯಿಂದ ಹಿಡಿದುಕೊಂಡಳು. ಗುಬ್ಬಿ ಆಕಾಶ ನೋಡುತ್ತಿರುವವಳಂತೆ ಅತ್ತ ತಿರುಗಿದಳು.

ಆ ಗಾಳಿಯಲ್ಲಿ ಅವಳು ಮಗಳನ್ನು ಬಿಟ್ಟು ಹೊಸ್ತಿಲು ದಾಟಿರಲಿಲ್ಲ. ಕೊಟ್ಟ ಮಾತು ಉಳಿಯಿತು.